ಉಪ್ಪಿನ ಭರಣಿಯ ಕೆಳಗೆ

ಹುರಿದ ಶೇಂಗಾ ಇನ್ನೂ ಬಿಸಿ ಆರಿರಲಿಲ್ಲ. ಗೌರಮ್ಮ ಅದನ್ನು ಗೋಣಿತಾಟಿನ ಮೇಲೆ ಹರವಿಕೊಂಡು ಅಂಗೈಯಿಂದ ಒತ್ತಿ ಒತ್ತಿ ತಿಕ್ಕುತ್ತಿದ್ದಳು. ಎದುರಿಗೆ ಕುಳಿತ ಮೊಮ್ಮಗಳು ತಾರಾ ಅದನ್ನು ಮೊರಕ್ಕೆ ತುಂಬಿ ತೂರುತ್ತಿದ್ದಳು. ಕೆಂಪು ಸಿಪ್ಪೆ ಹಗುರಾಗಿ ಎದ್ದು, ಕಿಟಕಿಯಿಂದ ಬಿದ್ದ ಬಿಸಿಲುಕೋಲಿನೊಳಗೆ ಹೊಕ್ಕು, ಅಲ್ಲೇ ಸುತ್ತು ತಿರುಗಿ, ಇಳಿಯಲು ಮನಸ್ಸಿಲ್ಲದಂತೆ ಇಳಿಯುತ್ತಿತ್ತು. ತಾರಾ ಅದನ್ನು ನೋಡುತ್ತ ಕೈ ನಿಲ್ಲಿಸಿಬಿಟ್ಟಳು.

"ಮೊರ ಹಿಡಕೊಂಡ ನಿದ್ದಿ ಹೊಡೀತೀಯೇನ?" ಎಂದಳು ಗೌರಮ್ಮ.

"ಇಲ್ಲ ಅಜ್ಜಿ."

"ಇಲ್ಲ ಅಜ್ಜಿ, ಹೌದಜ್ಜಿ. ಮುಂಜಾನಿಂದ ನಿನ್ನ ಬಾಯಾಗಿಂದ ಬಂದದ್ದು ಇವೆರಡ ಮಾತು."

"ಅದಕ್ಕ ಅಂತೀನಿ," ಒಲೆಯ ಮುಂದೆ ಕುಳಿತಿದ್ದ ತಾರಾಳ ತಾಯಿ ವಿಮಲಾ ಚಪಾತಿ ತಿರುವಿ ಹಾಕುತ್ತ ಅಂದಳು. "ಹಾಸ್ಟೆಲಿಗೆ ಹೋದ್ರ ನಾಕು ಹುಡುಗ್ಯಾರ ನಡುವ ಬಾಯಿ ಬಿಡ್ತದ."

"ಹಾಸ್ಟೆಲ್ ಯಾಕ ಬೇಕು? ಸೂರತಿನಾಗ ನನ್ನ ಮಗಳಿಲ್ಲೇನು? ಯಶೋದಾನ ಮನ್ಯಾಗ ನಾಕು ದಿನಾ ಇದ್ರ ಗ್ವಾಡೀನೂ ಮಾತಾಡ್ತದ."

"ಗ್ವಾಡಿ ಮಾತಾಡ್ತದ, ಖರೆ. ಆದ್ರ ಗ್ವಾಡಿಗೆ ಯಾರೂ ಭಾಂಡಿ ತಿಕ್ಕು ಅನ್ನೂದಿಲ್ಲ. ನನ್ನ ಮಗಳಿಗೆ ಅಂತಾರ."

ಗೌರಮ್ಮನ ಅಂಗೈ ನಿಂತಿತು. "ನನ್ನ ಮಗಳು ನಿನ್ನ ಮಗಳನ್ನ ಆಳಿನ್ಹಂಗ ನೋಡ್ಕೋತಾಳ ಅಂತೀಯೇನು?"

"ನಾ ಹಂಗಂದೆನೇನು?"

ಆ ಮನೆಯ ಯಜಮಾನ ಶ್ರೀಪಾದ ಜೀವವಿಮೆಯ ಕಚೇರಿಗೆ ಹೊರಟು ನಿಂತಿದ್ದ. ಹೆಂಡತಿಯ ಮುಖ ನೋಡಿದ, ತಾಯಿಯ ಮುಖ ನೋಡಿದ, ಕಡೆಗೆ ಒಲೆಯ ಪಕ್ಕದ ಕಟ್ಟೆಯ ಮೇಲಿದ್ದ ಉಪ್ಪಿನ ಭರಣಿ ನೋಡಿದ. "ಹೊತ್ತಾತು," ಎಂದು ಮೆಟ್ಟಿಲಿಳಿದು ಹೋದ.

ಆ ಭರಣಿಯ ಕೆಳಗೆ ಒಂದು ಪತ್ರವಿತ್ತು.

ಅದು ರೂಪಾಯಿಯ ಬೆಲೆ ಇಳಿಸಿದ ವರ್ಷ. ಅಹಮದಾಬಾದಿನ ಮಣಿನಗರದ ಸಂದಿಗೊಂದಿಯಲ್ಲೆಲ್ಲ ಅದೇ ಮಾತು. ಧಾರವಾಡದಿಂದ ವರ್ಗವಾಗಿ ಬಂದ ಈ ಕುಟುಂಬ ಸ್ಟೇಶನ್ನಿನ ಹಿಂಬದಿಯ ಓಣಿಯಲ್ಲಿ ಮೇಲಂತಸ್ತಿನ ಎರಡು ಖೋಲಿಗಳಲ್ಲಿ ಬಾಡಿಗೆಗಿತ್ತು. ತಾರಾ ಮೆಟ್ರಿಕ್ ಚೆನ್ನಾಗಿಯೇ ಪಾಸಾಗಿದ್ದಳು. ಅಹಮದಾಬಾದಿನಲ್ಲಿ ಸಾಯನ್ಸಿಗೆ ಸೀಟು ಸಿಗಲಿಲ್ಲ, ಬಡೋದೆಯಲ್ಲಿ ಸಿಕ್ಕಿತು. ಅಲ್ಲಿಯ ಹುಡುಗಿಯರ ಹಾಸ್ಟೆಲಿನ ಮೇಲ್ವಿಚಾರಕಿ ಸವಿತಾಬೆನ್, "ಜಾಗ ಇಟ್ಟಿದ್ದೇವೆ. ಬೇಕಾದರೆ ಹುಡುಗಿ ಬಂದು ಕೆಲವು ದಿನ ಇದ್ದು ನೋಡಲಿ. ಏನಿದ್ದರೂ ಕಾಲೇಜು ಶುರುವಾಗುವ ಮೊದಲು ಪತ್ರ ಬರೆದು ಖಚಿತ ಮಾಡಿ," ಎಂದು ಬರೆದಿದ್ದಳು. ಶ್ರೀಪಾದ ಅಂದೇ ಸಂಜೆ ಮಗಳು ಬರುತ್ತಾಳೆಂದು ಇಂಗ್ಲಿಷಿನಲ್ಲಿ ಉತ್ತರ ಬರೆದು ಲಕೋಟೆ ಅಂಟಿಸಿದ. ಮರುದಿನ ಟಪಾಲು ಪೆಟ್ಟಿಗೆಗೆ ಹಾಕುವ ಮೊದಲೇ ಸೂರತಿನಿಂದ ಅವನ ಅಕ್ಕ ಯಶೋದಾಳ ಪತ್ರ ಬಂತು: "ನಾನು ಇರುವಾಗ ಹುಡುಗಿಯನ್ನು ಪರರ ಅನ್ನಕ್ಕೆ ಕಳಿಸುತ್ತೀಯೇನೋ ಶ್ರೀಪಾದ? ಕಾಲೇಜು ನಮ್ಮ ಬಸ್ಸಿನ ದಾರಿಯಲ್ಲೇ ಇದೆ."

ಅಕ್ಕನ ಸೊಂಟದ ಮೇಲೆ ಬೆಳೆದವನು ಶ್ರೀಪಾದ. ಹೂಂ ಅನ್ನಲೂ ಆಗಲಿಲ್ಲ, ಊಹೂಂ ಅನ್ನಲೂ ಆಗಲಿಲ್ಲ. ಆಗ ಗೌರಮ್ಮ ಲಕೋಟೆಯನ್ನು ಅವನ ಕೈಯಿಂದ ತೆಗೆದುಕೊಂಡು ಭರಣಿಯ ಕೆಳಗಿಟ್ಟಳು. "ಎಲ್ಲಾರೂ ಒಪ್ಪಿದ ದಿನಾ ತಗೀರಿ. ಅಲ್ಲೀತನಕ ಗಾಳಿಗೆ ಹಾರೂದು ಬ್ಯಾಡ."

ಎಲ್ಲರೂ ಅಂದರೆ ಯಾರು ಯಾರು ಎಂದು ಯಾರೂ ಕೇಳಲಿಲ್ಲ. ತಾರಾಳನ್ನಂತೂ ಕೇಳಲಿಲ್ಲ. ಮಾತಾಡದ ಹುಡುಗಿಯನ್ನು ಕೇಳಿ ಏನು ಮಾಡುವುದು? ರಾತ್ರಿ ಮಾಳಿಗೆಯ ಮೇಲೆ ಹಾಸಿಗೆ ಹಾಕಿ ಮಲಗಿದಾಗ ಮಣಿನಗರದ ಗಾಡಿಗಳು ಸಿಳ್ಳು ಹಾಕುತ್ತ ಅವಳ ನಿದ್ದೆಯೊಳಗೆ ಬರುತ್ತಿದ್ದವು. ಒಂದೊಂದು ರಾತ್ರಿ ಒಂದೊಂದು ಊರಿಗೆ ಕರೆದೊಯ್ಯುತ್ತಿದ್ದವು. ಬೆಳಿಗ್ಗೆ ಎದ್ದರೆ ಯಾವ ಊರು ಎಂಬುದು ಮರೆತಿರುತ್ತಿತ್ತು.

"ಎರಡೂ ಕಡೆ ಹೋಗಿ ನೋಡಿ ಬರಲಿ," ಎಂದು ಶ್ರೀಪಾದ ಕಡೆಗೊಂದು ದಿನ ಊಟಕ್ಕೆ ಕೂತಾಗ ಹೇಳಿದ. "ಮೊದಲ ಅಕ್ಕನ ಮನಿಗೆ. ಆಮ್ಯಾಲೆ ಹಾಸ್ಟೆಲಿಗೆ."

"ನೋಡಿ ಬಂದು ಅಕಿ ಹೇಳ್ತಾಳೇನು?" ಎಂದಳು ವಿಮಲಾ.

"ಹೇಳ್ತೀಯಿಲ್ಲೋ, ತಾರಾ?"

ತಾರಾ ತಲೆಯಾಡಿಸಿದಳು. ಅದು ಹೂಂ ಎಂದೇ ಎಲ್ಲರೂ ತಿಳಿದುಕೊಂಡರು.

*

ಸೂರತಿನ ಪ್ಲಾಟ್‌ಫಾರ್ಮಿನಿಂದಲೇ ಯಶೋದಾ ಮಾತು ಶುರು ಮಾಡಿದಳು. ಟಾಂಗಾದಲ್ಲಿ ಮಾತು, ಮೆಟ್ಟಿಲು ಹತ್ತುವಾಗ ಮಾತು, ಬೀಗ ತೆಗೆಯುವಾಗ ಬೀಗದ ಮೇಲೆ ಮಾತು. ಅವಳ ಗಂಡ ದಿವಾಕರನಿಗೆ ಬ್ಯಾಂಕಿನ ಕೆಲಸ. ಮನೆ ಕತಾರ್‌ಗಾಮಿನಲ್ಲಿ. ಕೆಳಗಿನ ಅಂಗಡಿಯಲ್ಲಿ ವಜ್ರಕ್ಕೆ ಸಾಣೆ ಹಿಡಿಯುವ ಗಾಲಿಗಳು ದಿನವಿಡೀ ಜುಂಯ್ ಅನ್ನುತ್ತಿದ್ದವು; ಆಚೆ ಮನೆಯಲ್ಲಿ ಜರಿ ಸೀರೆಯ ಮಗ್ಗ ಲಟಕ್ ಪಟಕ್ ಅನ್ನುತ್ತಿತ್ತು. ಎರಡರ ಮೇಲೂ ಯಶೋದಾಳ ದನಿ ತೇಲುತ್ತಿತ್ತು.

ಭಾಂಡಿ ತಿಕ್ಕುವ ಮಾತು ವಿಮಲಾ ಅಂದಷ್ಟು ಖರೆಯಾಗಿರಲಿಲ್ಲ. ಭಾಂಡಿಗೆ ಒಬ್ಬ ಕೆಲಸದಾಕೆ ಬರುತ್ತಿದ್ದಳು. ತಾರಾಳ ಕೆಲಸ ಬೇರೆಯದೇ ಇತ್ತು. ಮಧ್ಯಾಹ್ನ ಯಶೋದಾ ಹೀರೇಕಾಯಿ ಹೆರೆಯುತ್ತ ಕೂತರೆ ತಾರಾ ಎದುರಿಗೆ ಕೂರಬೇಕು.

"ನಮ್ಮ ಹಿತ್ತಲದಾಗ ಒಂದು ನುಗ್ಗಿಗಿಡ ಇತ್ತು. ನಿಮ್ಮಪ್ಪ ಅದನ್ನ ಹತ್ತಿ ಕೂತು ಅಳೂದು, ನಾ ಕೆಳಗ ನಿಂತು ನಗೂದು. ಇಳೀ ಅಂದ್ರ ಇನ್ನೂ ಮ್ಯಾಲ ಹೋಗ್ತಿದ್ದ. ಕೇಳಿದ್ಯೇನ?"

"ಹೂಂ ಅತ್ಯಾ."

"ಅಂವಾ ಈಗೂ ಹಂಗ. ಹತ್ತಿ ಕೂತ್ರ ಇಳೂದಿಲ್ಲ, ಇಳೀ ಅಂದ್ರ ಅಳ್ತಾನ." ಹೇಳಿ ತಾನೇ ನಕ್ಕು ಕಣ್ಣೊರೆಸಿಕೊಂಡಳು.

ಆಗ ಅವಳ ಮಗ ಶಾಲೆಯಿಂದ ಬಂದು ಚೀಲ ಎಸೆದ. ಯಶೋದಾ, "ಬಾರೋ, ನಿಮ್ಮ ಮಾಮಾನ ಕತಿ ಹೇಳ್ಲಿಕ್ಹತ್ತೀನಿ, ಕೂಡು," ಅಂದಳು. ಹುಡುಗ, "ಶುಂ ಬೋಲೇ ಛೇ, ಮಮ್ಮಿ?" ಏನು ಹೇಳ್ತಿದ್ದೀ ಎಂದು ಗುಜರಾತಿಯಲ್ಲಿ ಕೇಳಿ, ನೀರು ಕುಡಿದು ಆಟಕ್ಕೆ ಓಡಿದ. ಮಗಳೂ ಹಾಗೆಯೇ. ಸಂಜೆ ಬಂದ ದಿವಾಕರ ಪೇಪರು ಬಿಡಿಸಿ ಅದರ ಹಿಂದೆ ಹೊಕ್ಕ. ಯಶೋದಾ ಹೀರೇಕಾಯಿ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಒಳಗಿನಿಂದಲೂ ಅವಳ ಮಾತು ಕೇಳುತ್ತಲೇ ಇತ್ತು. ಈಗ ಅದು ಒಲೆಗೆ ಹೇಳುವ ಮಾತು.

ದಿವಾಕರನ ಬ್ಯಾಂಕಿನಲ್ಲೇ ಇದ್ದ ಇನ್ನೊಬ್ಬರ ಮಗಳು ಊರ್ಮಿಳಾ ಕಾಲೇಜಿನಲ್ಲಿ ಎರಡನೇ ವರ್ಷದಲ್ಲಿದ್ದಳು. ಕನ್ನಡದ ಹುಡುಗಿಯೇ. ಒಂದು ದಿನ ಯಶೋದಾ ಹೇಳಿದಂತೆ ತಾರಾಳನ್ನು ಕಾಲೇಜು ತೋರಿಸಲು ಕರೆದುಕೊಂಡು ಹೋದಳು. ಪ್ರವೇಶದ ಗದ್ದಲ. ಉಪಾಹಾರಗೃಹದ ಬೇವಿನ ಮರದ ಕೆಳಗೆ ಅವಳ ಗೆಳತಿಯರ ಗುಂಪು.

"ಇವಳು ತಾರಾ. ಮಾತು ಕಡಿಮೆ," ಎಂದು ಊರ್ಮಿಳಾ ಗುಜರಾತಿಯಲ್ಲಿ ಪರಿಚಯಿಸಿದಳು.

"ಕಡಿಮೆ ಎಂದರೆ ಎಷ್ಟು? ಒಂದು ಹಾಡು ಹೇಳಲಿ, ಬಿಟ್ಟುಬಿಡ್ತೀವಿ."

"ಯಾವ ಸಿನೆಮಾ ನೋಡಿದೆ? ಅದಾದರೂ ಹೇಳು."

"ಅರೇ, ಹೆದರಬೇಡ, ತಿನ್ನೋದಿಲ್ಲ."

ಅವರು ಕೆಟ್ಟ ಹುಡುಗಿಯರಾಗಿರಲಿಲ್ಲ. ಚಹಾ ಕೊಡಿಸಿದರು, ಖಮಣ್ ತಿನ್ನಿಸಿದರು. ಆದರೆ ತಾರಾಳ ಮೌನ ಅವರಿಗೆ ಬಿಡಿಸಲೇಬೇಕಾದ ಗಂಟಿನಂತೆ ಕಂಡಿತು. ಒಬ್ಬಳಾದ ಮೇಲೆ ಒಬ್ಬಳು ಅದಕ್ಕೆ ಉಗುರು ಹಾಕಿದರು. ಕಡೆಗೆ "ಮೌನಿಬಾ" ಎಂದು ಹೆಸರಿಟ್ಟು ನಕ್ಕರು. ಬಸ್ಸಿನಲ್ಲಿ ಊರ್ಮಿಳಾ, "ಸಿಟ್ಟು ಬಂತೇನೇ? ಒಂದು ತಿಂಗಳು ಹೋಗಲಿ, ನೀನೂ ನಮ್ಹಂಗ ಆಗ್ತೀ," ಅಂದಳು. ತಾರಾ ಕಿಟಕಿಯಾಚೆ ತಾಪಿ ನದಿಯ ದಂಡೆಯ ಮೇಲೆ ಒಣಗುತ್ತಿದ್ದ ಬಣ್ಣದ ಬಟ್ಟೆಗಳ ಸಾಲನ್ನು ನೋಡುತ್ತಿದ್ದಳು. ಗಾಳಿಗೆ ಅವು ಉಬ್ಬಿ, ನದಿಯೇ ಬಣ್ಣ ಬದಲಿಸಿದಂತೆ ಕಾಣುತ್ತಿತ್ತು.

ಹೊರಡುವ ದಿನ ಯಶೋದಾ ಒಂದು ಕಪಾಟಿನ ಬಾಗಿಲು ತೆರೆದು ತೋರಿಸಿದಳು. "ನೋಡು, ಇದು ನಿಂದು. ನನ್ನ ಹಳೇ ಸೀರಿ ಎಲ್ಲಾ ಟ್ರಂಕಿಗೆ ಹಾಕೇನಿ."

ಖಾಲಿ ಕಪಾಟಿನಿಂದ ನುಸಿಗುಳಿಗೆಯ ವಾಸನೆ ಬಂತು.

*

ಮಣಿನಗರದಲ್ಲಿ ಪತ್ರ ಭರಣಿಯ ಕೆಳಗೇ ಇತ್ತು.

"ಹ್ಯಾಂಗಿತ್ತು ಸೂರತ್?" ಎಂದು ಶ್ರೀಪಾದ ಕೇಳಿದ.

"ಅತ್ಯಾ ಭಾಳ ಛಂದ ನೋಡಿಕೊಂಡ್ರು."

"ಅದು ಗೊತ್ತದ. ಕಾಲೇಜು?"

ತಾರಾ ಉತ್ತರ ಹುಡುಕುತ್ತ ಹುಳಿಯಲ್ಲಿ ಅನ್ನ ಕಲಸಿದಳು. ಅವಳು ಹುಡುಕಿ ಮುಗಿಸುವಷ್ಟರಲ್ಲಿ ಅಜ್ಜಿ, "ಛಂದ ಅಂದಮ್ಯಾಲೆ ಮುಗೀತಲ್ಲ," ಎಂದಳು. ತಾಯಿ, "ಅತ್ಯಾ ಛಂದ ಅಂದ್ಲು, ಕಾಲೇಜು ಅಂದಿಲ್ಲ," ಎಂದಳು. ಅನ್ನ ಮುಗಿಯುವವರೆಗೂ ಅವರಿಬ್ಬರೇ ಅವಳ ಪರವಾಗಿ ಮಾತಾಡಿದರು.

ಜುಲೈ ಹುಟ್ಟಿದಾಗ ಶ್ರೀಪಾದ ಒಂದು ದಿನ ರಜೆ ಹಾಕಿ ಮಗಳನ್ನು ಬಡೋದೆಗೆ ಬಿಟ್ಟು ಬಂದ. ಗೌರಮ್ಮ ಮನಸ್ಸಿಲ್ಲದ ಮನಸ್ಸಿನಿಂದ ಶೇಂಗಾ ಚಟ್ನಿಯ ಡಬ್ಬಿ ಕಟ್ಟಿಕೊಟ್ಟಳು. "ಹುಡುಗ್ಯಾರಿಗೂ ಕೊಡು. ಒಬ್ಬಾಕಿನ ತಿನಬ್ಯಾಡ, ದೃಷ್ಟಿ ಆಗ್ತದ."

ಹಾಸ್ಟೆಲಿನ ರಸ್ತೆಯುದ್ದಕ್ಕೂ ದೊಡ್ಡ ಆಲದ ಮರಗಳು. ಬಿಳಲುಗಳ ನಡುವೆ ನಡೆಯುವಾಗ ನೀರಿನ ತಳದಲ್ಲಿ ನಡೆದಂತೆ ಹಸಿರು ಬೆಳಕು. ತಾರಾಳಿಗೆ ಹಾಸಿಗೆ ಕೊಟ್ಟದ್ದು ನಡಿಯಾದಿನ ರಂಜನ್ ಎಂಬ ಹುಡುಗಿಯ ಕೋಣೆಯಲ್ಲಿ. ರಂಜನಳಿಗೂ ಮಾತು ಬಹಳವೇ. ಆದರೆ ಅವಳು ಮಾತಾಡುತ್ತ ಎದುರಿನವರ ಮುಖ ನೋಡುತ್ತಿರಲಿಲ್ಲ, ಜಡೆ ಹೆಣೆಯುತ್ತಲೋ ಬಟ್ಟೆ ಮಡಿಸುತ್ತಲೋ ಹೇಳುತ್ತಿದ್ದಳು. "ಆ ಮಂಚ ನಿನ್ನದು. ಕಿಟಕಿ ಇಬ್ಬರದು. ಅಲ್ಲಿಟ್ಟಿರೋ ಕುಡಿಕೆ ಮಾತ್ರ ಮುಟ್ಟಬೇಡ, ಅದು ನನ್ನ ವ್ರತದ್ದು." ಕಿಟಕಿಯ ಕಟ್ಟೆಯ ಮೇಲೆ ಮಣ್ಣಿನ ಕುಡಿಕೆಯಲ್ಲಿ ಗೋಧಿಯ ಸಸಿ ಎದ್ದಿತ್ತು, ಮಗುವಿನ ಕೂದಲಿನಷ್ಟು ಮೆತ್ತಗೆ. ಎಲ್ಲ ಕೋಣೆಗಳ ಕಿಟಕಿಯಲ್ಲೂ ಅದೇ ಕುಡಿಕೆ.

ಮರುದಿನ ಬೆಳಿಗ್ಗೆ ಊಟದ ಮನೆಯಲ್ಲಿ ಅನಾಹುತವಾಯಿತು.

ಬೆಂಚಿನ ತುಂಬ ಹುಡುಗಿಯರು. ರಂಜನಳ ತಟ್ಟೆಯಲ್ಲಿ ಒಣ ಭಾಖ್ರಿ, ಒಂದು ಬಟ್ಟಲು ಹಾಲು. ಅವಳು ಅತ್ತ ತಿರುಗಿ ಪಕ್ಕದ ಬೆಂಚಿನವಳಿಗೆ ಏನೋ ಹೇಳುತ್ತಿದ್ದಳು. ಪಾಪ, ಒಣ ರೊಟ್ಟಿ ತಿನ್ನುತ್ತಿದ್ದಾಳೆ ಅನ್ನಿಸಿತು ತಾರಾಳಿಗೆ. ವ್ರತವಿದೆ ಎಂಬುದು ಅವಳಿಗೆ ಗೊತ್ತಿತ್ತು. ಆದರೆ ಅವಳ ಮನೆಯಲ್ಲಿ ಏಕಾದಶಿ ಬಂದರೆ ಶೇಂಗಾ ಚಟ್ನಿಯೇ ಗತಿ. ಉಪವಾಸಕ್ಕೆ ನಡೆಯುವ ಪದಾರ್ಥ ಅದು. ಮತ್ತೆ ಅವಳ ಮನೆಯಲ್ಲಿ "ಬೇಕೇ" ಎಂದು ಕೇಳಿ ಬಡಿಸುವ ಪದ್ಧತಿಯೂ ಇರಲಿಲ್ಲ. ಅಜ್ಜಿ ತಟ್ಟೆ ನೋಡುತ್ತಾಳೆ, ಬಡಿಸುತ್ತಾಳೆ, ಅಷ್ಟೇ. ತಾರಾ ಡಬ್ಬಿ ತೆರೆದು ಒಂದು ಚಮಚ ಚಟ್ನಿಯನ್ನು ರಂಜನಳ ತಟ್ಟೆಗೆ ಬಡಿಸಿ, ಮೇಲೆ ತುಪ್ಪ ಬಿಟ್ಟಳು.

ರಂಜನ್ ಮಾತಿನ ಭರದಲ್ಲಿ ಅದ್ದಿ ಬಾಯಿಗಿಟ್ಟಳು. "ವಾಹ್!" ಎಂದಳು. ಇನ್ನೊಂದು ತುತ್ತು ಅದ್ದಿದಳು.

"ರಂಜನ್," ಎಂದಳು ಎದುರಿನವಳು, "ಅದಕ್ಕೆ ಉಪ್ಪಿಲ್ಲವಾ?"

ಬೆಂಚಿನಿಂದ ಬೆಂಚಿಗೆ ಮಾತು ನಿಂತುಹೋಯಿತು. ಅದು ಒಳ್ಳೆಯ ಗಂಡ ಸಿಗಲೆಂದು ಹುಡುಗಿಯರು ಹಿಡಿಯುವ ಜಯಾಪಾರ್ವತಿ ವ್ರತ. ಐದು ದಿನ ಉಪ್ಪು ಮುಟ್ಟುವಂತಿಲ್ಲ. ಐದು ವರ್ಷ ಬಿಡದೆ ನಡೆಸಬೇಕು. ರಂಜನಳಿಗೆ ಅದು ಕಡೆಯ ವರ್ಷ.

"ಗಂಡ ಮೂಕ ಸಿಗ್ತಾನೆ ಬಿಡು," ಎಂದು ಯಾರೋ ನಗಿಸಲು ನೋಡಿದರು.

"ಒಳ್ಳೇದೇ ಆಯ್ತು, ನಾನೊಬ್ಬಳೇ ಮಾತಾಡಬಹುದು," ಎಂದು ರಂಜನ್ ನಕ್ಕಳು. ನಗುತ್ತಲೇ ಅವಳ ಗಲ್ಲ ನಡುಗಿತು. ಓಢಣಿ ಬಾಯಿಗೆ ಒತ್ತಿಕೊಂಡು ಎದ್ದು ಹೋದಳು.

ತಾರಾ ಕೋಣೆಗೆ ಬಂದಾಗ ರಂಜನ್ ಗೋಡೆಯ ಕಡೆ ತಿರುಗಿ ಮಲಗಿದ್ದಳು. ತಾರಾ ಮಂಚದ ತುದಿಯಲ್ಲಿ ಕೂತು ಮಾತು ಜೋಡಿಸಿದಳು. ಕನ್ನಡದಲ್ಲಿ ಜೋಡಿಸಿದಳು, ಗುಜರಾತಿಯಲ್ಲಿ ಜೋಡಿಸಿದಳು. ಕಡೆಗೆ ಎದ್ದು ಚಟ್ನಿಯ ಡಬ್ಬಿಯನ್ನು ತೋಟದ ಮಾಲಿಯ ಹೆಂಡತಿಗೆ ಕೊಟ್ಟು ಬಂದಳು.

ಮಧ್ಯಾಹ್ನ ಊಟದ ಮನೆಯಲ್ಲಿ ವ್ರತವಿಲ್ಲದ ಕೆಲವರು ಒಂದು ಬದಿಗೆ ಕೂತು ದಾಲ್ ಉಣ್ಣುತ್ತಿದ್ದರು. ತಾರಾ ಅಲ್ಲಿ ಕೂರಲಿಲ್ಲ. ಈಚೆ ಬದಿಗೆ ಬಂದು ಒಣ ಭಾಖ್ರಿ, ಹಾಲು ತೆಗೆದುಕೊಂಡಳು. ಸಂಜೆಯೂ ಅದೇ.

"ನೀನೂ ವ್ರತ ಹಿಡಿದೆಯಾ?" ಎಂದು ಒಬ್ಬಳು ಕೇಳಿದಳು.

ತಾರಾ ಇಲ್ಲವೆಂದು ತಲೆಯಾಡಿಸಿದಳು.

"ಮತ್ತೆ ಉಪ್ಪು ಯಾಕೆ ಬಿಟ್ಟೆ?"

ತಾರಾ ದೂರದ ಬೆಂಚಿನ ತುದಿಯಲ್ಲಿದ್ದ ರಂಜನಳ ಕಡೆ ನೋಡಿದಳು, ತಟ್ಟೆಗೆ ಕಣ್ಣು ಇಳಿಸಿದಳು. ಕೇಳಿದವಳು ಮುಂದೆ ಕೇಳಲಿಲ್ಲ. ತನ್ನ ತಟ್ಟೆ ಆಚೆ ಸರಿಸಿದಳು; ಅವಳ ಪಕ್ಕದವಳು ಸರಿದಳು; ಬೆಂಚಿನುದ್ದಕ್ಕೂ ಹಾಗೆ ಸರಿದು ಸರಿದು, ರಂಜನಳ ಮಗ್ಗುಲಲ್ಲಿ ಒಬ್ಬರು ಕೂರುವಷ್ಟು ಜಾಗವಾಯಿತು. ತಾರಾ ತಟ್ಟೆ ಹಿಡಿದು ಹೋಗಿ ಅಲ್ಲಿ ಕೂತಳು.

ವ್ರತ ಕೆಟ್ಟಿತೋ ಇಲ್ಲವೋ ಎಂದು ಸವಿತಾಬೆನ್ ಹತ್ತಿರ ತಕರಾರು ಹೋಯಿತು. ಅವಳು ಕನ್ನಡಕ ಏರಿಸಿ ಕೇಳಿದಳು: "ಕುಡಿಕೆಯ ಗೋಧಿ ಒಣಗಿದೆಯಾ?"

"ಇಲ್ಲ, ಬೆನ್."

"ಹಾಗಾದರೆ ಹೋಗಿ ಮಲಗಿ."

ಅಂದು ರಾತ್ರಿ ರಂಜನ್ ಜಡೆ ಬಿಚ್ಚುತ್ತ, ಮುಖ ನೋಡದೆ, "ನಾಳೆಯಿಂದ ಕುಡಿಕೆಗೆ ನೀನು ನೀರು ಹಾಕು," ಎಂದಳು.

ಉಪ್ಪಿಲ್ಲದ ದಿನಗಳು ಕನಸಿನ ಹಾಗೆ ಹಗುರಾಗಿದ್ದವು. ನಾಲಿಗೆಗೆ ಗೋಧಿಯ ಸಿಹಿ ತಿಳಿಯಿತು, ಹಾಲಿನಲ್ಲಿ ಹುಲ್ಲಿನ ವಾಸನೆ ತಿಳಿಯಿತು. ಸಂಜೆ ಬೇವಿನ ಮರದ ಜೋಕಾಲಿಯ ಸುತ್ತ ಹುಡುಗಿಯರು ಸೇರಿ ಒಬ್ಬರಾದ ಮೇಲೆ ಒಬ್ಬರು ಹಾಡುತ್ತಿದ್ದರು. ತಾರಾಳ ಸರದಿ ಬಂದಾಗ ಅವಳು ಜೋಕಾಲಿಯನ್ನು ಇನ್ನೊಮ್ಮೆ ತೂಗಿದಳು, ಅಷ್ಟೇ. ಹಾಡು ನಿಲ್ಲದೆ ಮುಂದಿನವಳ ಬಾಯಿಗೆ ಹೋಯಿತು. ಯಾರೂ ತಿರುಗಿ ನೋಡಲಿಲ್ಲ. ಮರುದಿನ ಅವಳು ಬರುವುದು ತಡವಾದಾಗ, "ತೂಗುವವಳು ಎಲ್ಲಿ?" ಎಂದು ಮೇಲಿನಿಂದ ಕೂಗಿ ಕರೆದರು.

ವ್ರತದ ಕಡೆಯ ರಾತ್ರಿಯ ಜಾಗರಣೆ ಕಳೆದ ಬೆಳಗಿನ ಜಾವ ಎಲ್ಲರೂ ಕುಡಿಕೆ ಹೊತ್ತು ಕೆರೆಗೆ ನಡೆದರು. ನಿದ್ದೆಗಣ್ಣು, ಜಿನುಗು ಮಳೆ, ಎಲ್ಲೋ ನವಿಲಿನ ಕೂಗು. ಯಾರ ಕಾಲು ಯಾರದೋ ತಿಳಿಯದ ಹಾಗೆ ಒತ್ತಾಗಿ ನಡೆಯುತ್ತಿದ್ದರು. ರಂಜನಳ ಕುಡಿಕೆ ತಾರಾಳ ತಲೆಯ ಮೇಲಿತ್ತು. ಸಸಿಗಳನ್ನು ನೀರಿಗೆ ಬಿಟ್ಟಾಗ ಅವು ಮುಳುಗದೆ, ಹಸಿರು ಜಡೆಗಳಂತೆ ಬಿಚ್ಚಿಕೊಂಡು ತೇಲಿ ಹೋದವು. ಮರಳಿ ಬಂದ ಮೇಲೆ ರಂಜನ್ ಅಂಗೈಯಲ್ಲಿ ಉಪ್ಪು ತಂದಳು. ಅರ್ಧ ತಾನು ನೆಕ್ಕಿ, ಅರ್ಧವನ್ನು ತಾರಾಳ ಅಂಗೈಗೆ ಹಾಕಿದಳು, ಬೇಕೇ ಎಂದು ಕೇಳದೆ.

*

ತಾರಾ ಮನೆಗೆ ಬಂದಾಗ ಯಶೋದಾ ಆಗಲೇ ಬಂದು ಕೂತಿದ್ದಳು.

"ಕರಕೊಂಡ ಹೋಗ್ಲಿಕ್ಕೇ ಬಂದೀನಿ," ಎಂದಳು. "ಕಾಲೇಜಿನ ಫಾರ್ಮು ತಂದೀನಿ, ಕಪಾಟ ಖಾಲಿ ಇಟ್ಟೀನಿ. ಇನ್ನ ಶ್ರೀಪಾದನ ಸಹಿ ಒಂದ ಬಾಕಿ."

ಊಟಕ್ಕೆ ಎಲ್ಲರೂ ಕೂತರು. ತಾರಾ ಬಡಿಸುತ್ತಿದ್ದಳು.

"ಫಾರ್ಮ್ ತರೂಮುಂದ ಒಂದು ಮಾತು ಕೇಳಬೇಕಿತ್ತಲ್ಲ, ಅಕ್ಕಾ," ಎಂದಳು ವಿಮಲಾ.

"ಯಾರ್ನ ಕೇಳ್ಬೇಕಿತ್ತು? ನನ್ನ ತಮ್ಮನ ಮಗಳು."

"ನನ್ನ ಹೊಟ್ಟ್ಯಾಗ ಹುಟ್ಟಿದಾಕಿ."

"ನೋಡವ್ವಾ, ನೋಡು ನಿನ್ನ ಸೊಸಿ ಮಾತು!"

"ನನ್ನ ನಡುವ ಎಳೀಬ್ಯಾಡ್ರಿ," ಎಂದಳು ಗೌರಮ್ಮ. "ಶ್ರೀಪಾದಾ, ಬಾಯಾಗ ಏನ ಇಟಗೊಂಡೀ?"

ಶ್ರೀಪಾದನ ಬಾಯಲ್ಲಿ ತುತ್ತಿತ್ತು. ಅದನ್ನು ನುಂಗಲು ಬಹಳ ಹೊತ್ತು ತೆಗೆದುಕೊಂಡ.

"ಅತ್ಯಾ," ಎಂದಳು ತಾರಾ. ಸಾರಿನ ಸೌಟು ಅವಳ ಕೈಯಲ್ಲೇ ನಿಂತಿತ್ತು. "ನಾ ಬಡೋದೆಗೆ ಹೋಗ್ತೀನಿ."

ಎಲ್ಲರೂ ತಲೆ ಎತ್ತಿದರು.

"ಅಲ್ಲೇನದ?" ಎಂದಳು ಯಶೋದಾ. "ನಮ್ಮವರು ಅಂತ ಒಬ್ಬರಿಲ್ಲ. ಕನ್ನಡ ಅನ್ನೂದು ಕಿವೀಗೆ ಬೀಳೂದಿಲ್ಲ."

"ಅಲ್ಲೆ ಯಾರೂ ಮಾತಾಡು ಅನ್ನೂದಿಲ್ಲ."

"ಹಂಗಂದ್ರ, ಬಾಯಿ ಬಿಡ್ತದ ಅಂತ ನಾ ಕಳಸಬೇಕಂದ್ರ..." ವಿಮಲಾ ಅರ್ಧಕ್ಕೆ ನಿಲ್ಲಿಸಿದಳು. "ಮಾತಾಡು ಅನ್ನಲಿಕ್ಕರ ಮತ್ತೇನು ಮಾಡ್ತಾರ ಅವರು?"

ತಾರಾ ಸ್ವಲ್ಪ ಯೋಚಿಸಿದಳು. ಈ ಸಲ ಯಾರೂ ಅವಳ ಬದಲು ಉತ್ತರ ಕೊಡಲಿಲ್ಲ.

"ಸರದು ಜಾಗಾ ಮಾಡ್ತಾರ," ಎಂದಳು.

ಯಶೋದಾ ತಟ್ಟೆ ದೂಡಿದಳು. ಸಿಟ್ಟು ಬರುತ್ತದೆಂದು ಎಲ್ಲರೂ ಕಾದರು. ಬಂದದ್ದು ಅಳು. "ಮತ್ತ ನಾ ಯಾರ ಜೋಡಿ ಮಾತಾಡ್ಲೇ? ಮಕ್ಕಳು ಶುಂ ಶುಂ ಅಂತ ಓಡಿ ಹೋಗ್ತಾವ. ಅವರು ಪೇಪರಿನ ಹಿಂದ. ನಾ ದಿನಾ ಗ್ವಾಡಿ ಜೋಡಿ ಮಾತಾಡ್ತೀನಿ, ಅವ್ವಾ. ಈ ಹುಡುಗಿ ಬಂದು ಕೂತು ಹೂಂ ಅಂತಿತ್ತು. ಒಂದ ಹೂಂ ಸಾಕಾಗಿತ್ತು ನಂಗ."

ವಿಮಲಾ ಎದ್ದು ನೀರಿನ ಲೋಟ ತಂದು ಅವಳ ಮುಂದಿಟ್ಟಳು. "ತೊಗೋರಿ, ಅಕ್ಕಾ," ಎಂದಳು. ಆ ಮೇಲೆ ಅವಳ ಪಕ್ಕದಲ್ಲೇ ಕೂತಳು.

ತಾರಾ ಸೌಟು ಕೆಳಗಿಟ್ಟಳು. "ಸೂರತ್ ಗಾಡಿ ಬಡೋದೆ ಮ್ಯಾಲೇನ ಹೋಗ್ತದ, ಅತ್ಯಾ. ರಜಾ ಇದ್ದಾಗ ಬರ್ತೀನಿ. ನುಗ್ಗಿಗಿಡದ ಕತಿ ಅರ್ಧಕ್ಕ ನಿಂತದ."

"ರಜಾ ಬರೂತನಕ?"

"ಅಲ್ಲೀತನಕ ನಾ ಬರ್ತೀನಿ ನಡಿ," ಎಂದಳು ಗೌರಮ್ಮ.

ಶ್ರೀಪಾದನ ಕೈ ತಟ್ಟೆಯ ಮೇಲೆಯೇ ನಿಂತಿತು. "ಅವ್ವಾ! ಮಗಾ ಇದ್ದೂ ಮಗಳ ಮನ್ಯಾಗ ಹೋಗಿ ಇದ್ರ ಮಂದಿ ಏನಂತಾರ?"

"ಗುಜರಾತಿನ ಮಂದಿ ಏನರೆ ಅಂದ್ರೂ ನಂಗ ತಿಳೀಬೇಕಲ್ಲ? ಅನ್ಲಿ." ಅವಳು ಎಡಗೈ ಊರಿ ಎದ್ದಳು. "ಮಗಳು ಮನಿ ತುಂಬ ಮಾತಾಡ್ತಾಳ ಅಂತ ಹಿಗ್ಗಿದ್ದೆ. ಕೇಳವರಿಲ್ಲ ಅಂತ ಗೊತ್ತಿರಲಿಲ್ಲ."

ಕೈ ತೊಳೆದು ಬಂದು ಅವಳೇ ಭರಣಿ ಎತ್ತಿದಳು. ಮಳೆಗಾಲದ ಥಂಡಿಗೆ ಉಪ್ಪು ನೀರೊಡೆದು ಲಕೋಟೆ ಉಬ್ಬಿತ್ತು. ಅಂಟು ಬಿಟ್ಟು ಬಾಯಿ ತೆರೆದಿತ್ತು, ಅಂಚಿನುದ್ದಕ್ಕೂ ಬಿಳಿ ಗೆರೆ. ಒಳಗೆ ಶ್ರೀಪಾದನ ಅಕ್ಷರ ಅಲ್ಲಲ್ಲಿ ಹರಡಿದ್ದರೂ ಓದಲು ಬರುತ್ತಿತ್ತು. ವಿಮಲಾ ಒಂದು ಅಗುಳು ಅನ್ನ ಹಿಸುಕಿ ಬಾಯಿ ಮುಚ್ಚಿದಳು.

"ನಾಳೆ ಗಾಡಿಗೆ ಹೋಗೂಮುಂದ ನಂಗ ಕೊಡು," ಎಂದಳು ಯಶೋದಾ ಮೂಗು ಒರೆಸಿಕೊಳ್ಳುತ್ತ. "ನಮ್ಮ ಗಾಡಿಗೇ ಟಪಾಲಿನ ಡಬ್ಬಿ ಇರ್ತದ. ಬಡೋದ್ಯಾಗ ಇಳೀತದ, ಲಗೂ ಮುಟ್ತದ."

ಅಂದು ಮಲಗುವಾಗ ವಿಮಲಾ ಗಂಡನಿಗೆ ಪಿಸುಗುಟ್ಟಿದಳು: "ಅಕ್ಕಾನ ಕೈಯಾಗ ಕೊಡೂದ? ಹಾಕ್ತಾರೋ ಇಲ್ಲೋ?" ಆದರೆ ಬೆಳಿಗ್ಗೆ ತಾರಾ ತಾನೇ ಲಕೋಟೆಯನ್ನು ತಂದು ಅತ್ತೆಯ ಕೈಯಲ್ಲಿಟ್ಟಳು.

ಮಣಿನಗರದ ಸ್ಟೇಶನ್ನಿನಲ್ಲಿ ಮಳೆ ತಗಡಿನ ಮೇಲೆ ಹೊಯ್ಯುತ್ತಿತ್ತು. ಗಾಡಿ ಹಬೆಯ ನಡುವಿನಿಂದ ಬಂದು ನಿಂತಿತು. ಶ್ರೀಪಾದ ತಾಯಿಯನ್ನು ಹತ್ತಿಸಿ, ಗಂಟು ಒಳಗೆ ಇಟ್ಟ. ಗೌರಮ್ಮನ ಮಡಿಲಲ್ಲಿ ಶೇಂಗಾ ಚಟ್ನಿಯ ಹೊಸ ಡಬ್ಬಿ.

"ಅಕ್ಕಾ, ಹತ್ತು, ಸಿಗ್ನಲ್ ಆತು!"

ಯಶೋದಾ ಹತ್ತಲಿಲ್ಲ. ಕೊಡೆಯನ್ನೂ ಬಿಚ್ಚದೆ ಗಾಡಿಯ ಉದ್ದಕ್ಕೂ ಬಿರಬಿರನೆ ನಡೆದಳು. ತಾರಾ ನಿಂತಲ್ಲಿಂದ ನೋಡಿದಳು. ಅತ್ತೆ ಗಾಡಿಗೆ ಜೋಡಿಸಿದ್ದ ಕೆಂಪು ಟಪಾಲು ಬೋಗಿಯ ಮುಂದೆ ನಿಂತಳು. ಲಕೋಟೆಯನ್ನು ಸೆರಗಿನಿಂದ ತೆಗೆದು ಒಂದು ಗಳಿಗೆ ಹಿಡಿದುಕೊಂಡಳು. ಆಮೇಲೆ ಬೋಗಿಯ ಗೋಡೆಯಲ್ಲಿದ್ದ ಸೀಳಿಗೆ ತುರುಕಿದಳು. ಉಬ್ಬಿದ ಲಕೋಟೆ ಅರ್ಧಕ್ಕೆ ಸಿಕ್ಕಿಕೊಂಡಿತು. ಹೆಬ್ಬೆರಳಿನಿಂದ ಒತ್ತಿದಳು, ಮತ್ತೊಮ್ಮೆ ಒತ್ತಿದಳು. ಒಳಗೆ ಹೋಯಿತು.

ತೊಯ್ದ ಸೆರಗು ಹಿಡಿದು ಓಡೋಡಿ ಬಂದು ಹತ್ತುವಷ್ಟರಲ್ಲಿ ಗಾಡಿ ಅಲುಗಿತು.

"ಹಾಕಿದ್ಯೇನ?" ಎಂದಳು ಗೌರಮ್ಮ ಕಿಟಕಿಯಿಂದ.

ಯಶೋದಾ ಕಿಟಕಿಯ ಸರಳಿನಾಚೆ ನಿಂತಿದ್ದ ತಾರಾಳನ್ನು ನೋಡಿದಳು. ಏನೋ ಹೇಳಲು ಬಾಯಿ ತೆರೆದು, ಹಾಗೆಯೇ ಮುಚ್ಚಿ, ತಲೆಯಾಡಿಸಿದಳು.